ಮುಂದಿನೆರಡು ತಂಗಿಯವು, ಹಿಂದಿನೆರಡು ಅಣ್ಣನವು

ಇಂದ:
ಅರ್ಜಿದಾರ,
ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಿಗೆ ಚೀಟಿ ಬರೆಯುವವನು (ಸೇವೆ: ಇಪ್ಪತ್ತೊಂಬತ್ತು ವರ್ಷ),
ಸದ್ಯದ ವಿಳಾಸ: ತಮ್ಮ ಕಚೇರಿಯ ಅಂಗಳದಲ್ಲಿರುವ, ಒಂದು ಕಾಲು ಗಿಡ್ಡವಾದ ಬೆಂಚು.

ಗೆ:
ವಾಹನ ತಪಾಸಣಾಧಿಕಾರಿಗಳು,
ಅದೇ ಅಂಗಳ, ಬೆಂಚಿನ ಎದುರಿನ ಕಿಟಕಿ.

ವಿಷಯ: ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿಗೆ ಸರಿಯಾದ ಟೈರು ಆರಿಸುವುದರಲ್ಲಿ ಆದ ವಿಳಂಬ, ತತ್ಪರಿಣಾಮವಾಗಿ ಸದರಿ ಕಾರು ಹೊರಹೋಗುವ ಗೇಟಿನಿಂದ ಹಿಮ್ಮುಖವಾಗಿ ಒಳಬಂದ ಪ್ರಸಂಗ, ಹಾಗೂ ಇಂದು ಬೆಳಗ್ಗೆ ಉದ್ಭವಿಸಿರುವ ಸೀಟಿನ ಸಮಸ್ಯೆ ಕುರಿತು.

ಉಲ್ಲೇಖ:
(ಅ) ಒಂಬತ್ತು ದಿನಗಳ ಹಿಂದೆ ತಾವು ನೀಡಿದ ನೋಟೀಸು.
(ಆ) ಟೋಕನ್ ಸಂಖ್ಯೆ 47.
(ಇ) ಇಂದು ಹತ್ತೂವರೆಗೆ ತಾವು ಕಿಟಕಿಯಿಂದ ಕೂಗಿದ ಮಾತು: "ಏನಿದ್ರೂ ಬರೆದು ಕೊಡಿ!"

ಮಾನ್ಯರೇ,

ಅರ್ಜಿಯಲ್ಲಿ "ನಾನು" ಎಂದು ಬರೆದರೆ ಕಡತಕ್ಕೆ ಸೇರುವುದಿಲ್ಲ, "ಅರ್ಜಿದಾರ" ಎಂದೇ ಬರೆಯಬೇಕು ಎಂದು ತಮ್ಮ ಗುಮಾಸ್ತರು ತಿಳಿಸಿರುತ್ತಾರೆ. ಅಲ್ಲದೆ, ಅಧಿಕಾರಿಗಳ ಕಣ್ಣೆದುರೇ ನಡೆದದ್ದನ್ನೂ ಅಧಿಕಾರಿಗಳಿಗೆ ಗೊತ್ತಿಲ್ಲವೆಂದು ಭಾವಿಸಿ ಮೊದಲಿನಿಂದ ಬರೆಯಬೇಕಂತೆ. ಆದಕಾರಣ ಕೆಳಗಿನ ವಿವರಗಳಲ್ಲಿ ತಾವೂ ಅಲ್ಲಲ್ಲಿ ಬಂದು ಹೋಗುತ್ತೀರಿ. ಬೇಸರಿಸಬಾರದಾಗಿ ಕೋರಿ, ಅರ್ಜಿದಾರನು ನಿವೇದಿಸಿಕೊಳ್ಳುವುದೇನೆಂದರೆ:

1. ಸದರಿ ಕಾರು ಅರ್ಜಿದಾರನ ದೊಡ್ಡಪ್ಪನವರದು. ದೊಡ್ಡಪ್ಪ ಹಲ್ಲಿನ ಡಾಕ್ಟರು. ದಿನವಿಡೀ ಪರರ ಬಾಯೊಳಗೆ ಬಗ್ಗಿ ನೋಡಿ ಬೇಸತ್ತ ಮನುಷ್ಯ, ಸಂಜೆ ಮನೆಗೆ ಬಂದರೆ ಸೀದಾ ಗ್ಯಾರೇಜಿಗೆ ಹೋಗಿ ಕಾರಿನ ಟೈರುಗಳನ್ನು ಬಗ್ಗಿ ನೋಡುತ್ತಿದ್ದರು. ಕಾರು ಕಡುಹಸಿರು ಬಣ್ಣದ್ದು. ಬಟ್ಟೆಯ ಮುಚ್ಚಿಗೆ ಮಡಿಚಿದರೆ ತಲೆಯ ಮೇಲೆ ಆಕಾಶ ಮಾತ್ರ. ಚಕ್ರಗಳಿಗೆ ಸೈಕಲ್ಲಿನ ಹಾಗೆ ಕಡ್ಡಿಗಳು. ಸೀಟು ಎರಡೇ ಎರಡು. ಒಂದರಲ್ಲಿ ದೊಡ್ಡಪ್ಪ ಕೂರುತ್ತಿದ್ದರು. ಇನ್ನೊಂದರಲ್ಲಿ ಅವರ ಸ್ಪ್ಯಾನರ್ ಪೆಟ್ಟಿಗೆ ಕೂರುತ್ತಿತ್ತು.

ದೊಡ್ಡಮ್ಮ ಕೇಳಿದಾಗೆಲ್ಲ ದೊಡ್ಡಪ್ಪನ ಉತ್ತರ ಒಂದೇ: "ಟೈರೊಂದು ಸರಿಹೋಗ್ಲಿ ಕಣೇ. ಸರಿಹೋದ ದಿನ ನಿನ್ನನ್ನ ಕೂರಿಸ್ಕೊಂಡು ಊರೆಲ್ಲಾ ಒಂದು ರೌಂಡ್ ಹೋಗ್ಬರೋಣ."

ಒಂದು ಜೊತೆ ಟೈರು ಗುಂಯ್‌ಗುಡುತ್ತದೆಂದು ತೆಗೆಸಿದರು. ಇನ್ನೊಂದು ಜೊತೆ ಎಡಕ್ಕೆ ಎಳೆಯುತ್ತದೆಂದು ತೆಗೆಸಿದರು. ಮತ್ತೊಂದು ಓಡುವುದಕ್ಕೆ ಚೆನ್ನಾಗಿದ್ದರೂ, ಕಾರು ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿಕೊಂಡು ಬಂದಂತೆ ಕಾಣುತ್ತದೆಂದು ತೆಗೆಸಿದರು. ಹೀಗೆ ಹನ್ನೊಂದು ಜೊತೆ, ಮೂವತ್ತೆಂಟು ವರ್ಷ. ಹನ್ನೆರಡನೆಯದನ್ನು ಆರಿಸುತ್ತಿರುವಾಗಲೇ ದೊಡ್ಡಪ್ಪ ತೀರಿಕೊಂಡರು. ಹಳೆಯದನ್ನು ಆಗಲೇ ಬಿಚ್ಚಿಸಿಬಿಟ್ಟಿದ್ದ ಕಾರಣ ಕಾರು ನಾಲ್ಕು ಇಟ್ಟಿಗೆ ಕಂಬಗಳ ಮೇಲೆ ನಿಂತಿತ್ತು.

2. ಉಯಿಲಿನಲ್ಲಿ ಕಾರಿನ ಬಗ್ಗೆ ಇದ್ದದ್ದು ಒಂದೇ ಸಾಲು: "ನನ್ನ ತಮ್ಮನ ಮಗನಿಗೂ ಮಗಳಿಗೂ ಸಮನಾಗಿ." ದೊಡ್ಡಪ್ಪನಿಗೆ ಮಕ್ಕಳಿಲ್ಲದ ಕಾರಣ ಅರ್ಜಿದಾರನೂ ಅವನ ತಂಗಿಯೂ ಆ ಗ್ಯಾರೇಜಿನಲ್ಲೇ ಆಡಿ ಬೆಳೆದವರು. ಸಮನಾಗಿ ಎಂದರೆ ಹೇಗೆ ಎಂಬುದನ್ನು ಉಯಿಲು ಹೇಳಲಿಲ್ಲ. ಕಾರನ್ನು ಉದ್ದಕ್ಕೆ ಸೀಳಲು ಬರುವುದಿಲ್ಲ.

3. ಇಲ್ಲಿ ಅರ್ಜಿದಾರನ ಹಾಗೂ ಅವನ ತಂಗಿಯ ಕಸುಬಿನ ಬಗ್ಗೆ ಎರಡು ಮಾತು ಅಗತ್ಯ.

ಅರ್ಜಿದಾರನು ಚೀಟಿ ಬರೆಯುವವನು. "ಮೂಲ ಹಿಡಿ. ಮೂಲ ಬಣ್ಣ. ದುರಸ್ತಿಯಾಗಿಲ್ಲ." ಈ ಮೂರು ಮಾತನ್ನು ಒಂದೇ ಚೀಟಿಯಲ್ಲಿ ಬರೆಯುವ ಭಾಗ್ಯ ಸಿಕ್ಕ ದಿನ ಅವನಿಗೆ ಊಟ ಹೆಚ್ಚು ಸೇರುತ್ತದೆ. ತಂಗಿ ಇಪ್ಪತ್ತೆರಡು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತಾಳೆ. ಅವಳ ಪ್ರಕಾರ ಟೈರು ಎಂದರೆ ಇಷ್ಟೇ: "ರಸ್ತೆಗೂ ರೋಗಿಗೂ ನಡುವೆ ಇರೋ ನಾಲ್ಕು ಅಂಗೈ."

ಕಾರಿನ ಡಿಕ್ಕಿಯಲ್ಲಿ ಹೆಚ್ಚುವರಿ ಚಕ್ರವೊಂದಿತ್ತು. ಅದರ ಟೈರು ಹಳೆಯ ಕಾಲದ ಕ್ರಾಸ್-ಪ್ಲೈ. ಅಂದರೆ ಒಳಗಿನ ನೂಲುಗಳು ಕತ್ತರಿಯ ಹಾಗೆ ಒಂದನ್ನೊಂದು ಅಡ್ಡ ಹಾಯುವಂಥದ್ದು. ಕಾರು ಹುಟ್ಟಿದ ದಿನದಿಂದ ಇದ್ದದ್ದು, ಒಂದು ಗೀರೂ ಇಲ್ಲ. ಅದನ್ನು ನೋಡಿದ ಕ್ಷಣ ಅರ್ಜಿದಾರನು ತೀರ್ಮಾನಿಸಿದ್ದು: ಇದೇ ಮೂಲ, ನಾಲ್ಕಕ್ಕೂ ಇಂಥದ್ದೇ ಆಗಬೇಕು.

ತಂಗಿ ಆ ಟೈರಿಗೆ ಉಗುರು ಒತ್ತಿ ನೋಡಿದಳು. "ಅಣ್ಣಾ, ಇದು ಮ್ಯೂಸಿಯಮ್ಮಿಗೆ ಸರಿ. ರಸ್ತೆಗೆ ರೇಡಿಯಲ್ ಬೇಕು. ನೂಲು ನೆಟ್ಟಗಿರತ್ತೆ, ತಿರುವಲ್ಲಿ ನೆಲ ಹಿಡ್ಕೊಳ್ಳತ್ತೆ."

"ಈ ಕಾರು ಹುಟ್ಟಿದ್ದೇ ಕ್ರಾಸ್-ಪ್ಲೈ ಮೇಲೆ."

"ನೀನು ಹುಟ್ಟಿದ್ದು ಬೆತ್ತಲೆ. ಹಾಗಂತ ಆಫೀಸಿಗೆ ಹಾಗೇ ಹೋಗ್ತೀಯಾ?"

ಮಾತು ನಿಂತದ್ದು ಇಲ್ಲಿ. ಹದಿನಾಲ್ಕು ತಿಂಗಳ ಮಟ್ಟಿಗೆ.

4. ಮಾತು ನಿಂತ ಕಾರಣ ವ್ಯವಹಾರವೆಲ್ಲ ಗ್ಯಾರೇಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳ ಮೂಲಕ ನಡೆಯಿತು. ಅರ್ಜಿದಾರನು ಬರೆದನು: "ಕ್ರಾಸ್-ಪ್ಲೈ ಟೈರು. ಮೂಲ ವಿನ್ಯಾಸ. ದಯವಿಟ್ಟು ಮುಟ್ಟಬೇಡಿ." ಮರುದಿನ ಅದರ ಕೆಳಗೆ ತಂಗಿಯ ಚೀಟಿ: "ಮುಟ್ಟಿದೆ. ಗಟ್ಟಿಯಾಗಿದೆ. ನಾಡಿ ಸಿಗಲಿಲ್ಲ."

ಒಮ್ಮೆ ತಂಗಿ ಯಾರಿಂದಲೋ ಹೊಸ ಕಾಲದ ಅಗಲವಾದ ರೇಡಿಯಲ್ ಟೈರು ತಂದು ಒಂದು ಚಕ್ರಕ್ಕೆ ಹಾಕಿ ನೋಡಿದಳು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಗರ್ ಎನ್ನುತ್ತಿತ್ತು. ಅರ್ಜಿದಾರನ ಚೀಟಿ: "ಮುದುಕಪ್ಪನಿಗೆ ಫುಟ್‌ಬಾಲ್ ಬೂಟು." ತಂಗಿಯ ಚೀಟಿ: "ಹೆಬ್ಬೆರಳು ಒತ್ತುತ್ತಿದೆ ನಿಜ. ತೆಗೆದಿದ್ದೇನೆ. ನಗಬೇಡ." ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಇಲ್ಲಿ ಗಾಡಿಗೆ ಚಕ್ರವೇ ಇರಲಿಲ್ಲ.

ಇಷ್ಟಾದರೂ ಭಾನುವಾರ ಮಧ್ಯಾಹ್ನ ಇಬ್ಬರೂ ದೊಡ್ಡಮ್ಮನ ಮನೆಯಲ್ಲೇ ಊಟ ಮಾಡುತ್ತಿದ್ದರು. "ಅಣ್ಣನಿಗೆ ನೀರು ಬೇಕಂತೆ ದೊಡ್ಡಮ್ಮಾ" ಎಂದು ತಂಗಿ ಹೇಳುವಳು. "ಬೇಡ ಅಂತ ಹೇಳಿ ದೊಡ್ಡಮ್ಮಾ" ಎಂದು ಅರ್ಜಿದಾರನು ಹೇಳುವನು. ದೊಡ್ಡಮ್ಮ ನೀರಿನ ಜಗ್ಗನ್ನು ತಮ್ಮ ಕಡೆಗೇ ಎಳೆದುಕೊಂಡು ತಾವೇ ಕುಡಿಯುವರು.

5. ದೊಡ್ಡಮ್ಮನವರಿಗೆ ಈಗ ಎಂಬತ್ಮೂರು. ಒಂದು ಭಾನುವಾರ ಅವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೀಗೆಂದರು:

"ಅವರು ಮೂವತ್ತೆಂಟು ವರ್ಷ ಆರಿಸಿದ್ರು. ಈಗ ನೀವು ಶುರು ಹಚ್ಕೊಂಡಿದ್ದೀರಿ. ನನ್ನ ಟೈರೂ ಸವೆದಿದೆ ಕಣ್ರೋ, ಅದನ್ನ ಯಾರೂ ನೋಡ್ತಿಲ್ಲ. ಮುಂದಿಂದೆರಡು ಅವಳು ಹಾಕ್ಲಿ, ಹಿಂದಿಂದೆರಡು ನೀನು ಹಾಕು. ಅಲ್ಲಿಗೆ ಸಮ ಆಯ್ತು. ಬರೋ ಬುಧವಾರ ನಾನು ಕಾರಲ್ಲಿ ಕೂತಿರ್ಬೇಕು. ಇಲ್ಲಾಂದ್ರೆ ಆ ಕಾರನ್ನ ಕೋಳಿಗೂಡು ಮಾಡಿಸ್ತೀನಿ."

ಸಿಟ್ಟಿಗೆ ಆಡಿದ ಮಾತು. ಆದರೆ ಉಯಿಲಿನ "ಸಮನಾಗಿ" ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಅರ್ಥ ಯಾರೂ ಹೇಳಿರಲಿಲ್ಲ. ಆದ್ದರಿಂದ ಇಬ್ಬರೂ ಅಕ್ಷರಶಃ ಪಾಲಿಸಿದರು. ಮಾತಿಲ್ಲದ ಕಾರಣ ಬೇರೆ ಬೇರೆ ಅಂಗಡಿಗೆ ಹೋದರು. ಬೇರೆ ಬೇರೆ ಅಂಗಡಿಗೆ ಹೋದ ಕಾರಣ ನಾಲ್ಕೂ ಟೈರನ್ನು ಒಟ್ಟಿಗೆ ನೋಡಿದ ಅಂಗಡಿಯವನು ಒಬ್ಬನೂ ಇಲ್ಲ. ತಂಗಿ ಮುಂದಕ್ಕೆ ಹೊಸ ರೇಡಿಯಲ್ ಹಾಕಿಸಿದಳು. ಅರ್ಜಿದಾರನು ಹಿಂದಕ್ಕೆ, ಗೋದಾಮಿನಲ್ಲಿ ಕಾಗದ ಸುತ್ತಿಟ್ಟಿದ್ದ, ಒಮ್ಮೆಯೂ ನೆಲ ಕಾಣದ ಕ್ರಾಸ್-ಪ್ಲೈ ಎರಡನ್ನು ಹಾಕಿಸಿದನು.

6. ಮಂಗಳವಾರ ಗ್ಯಾರೇಜಿನ ಬಾಗಿಲಲ್ಲಿ ಅರವತ್ತೊಂದನೆಯ ಚೀಟಿ ಇತ್ತು, ತಂಗಿಯದು: "ನನ್ನವು ಹಿಂದಕ್ಕೆ, ನಿನ್ನವು ಮುಂದಕ್ಕೆ. ಅದಲುಬದಲು ಮಾಡು. ಮುಖ್ಯ."

ಅರ್ಜಿದಾರನು ಓದಿದನು. ಅವಳಿಗೆ ಮುಂದಿನದೂ ಬೇಕು, ಹಿಂದಿನದೂ ಬೇಕು, ಚಿಕ್ಕಂದಿನಿಂದ ಇದೇ ಬುದ್ಧಿ ಎಂದುಕೊಂಡನು. ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿದನು. ಈ ಅಂಶವನ್ನು ಅರ್ಜಿದಾರನು ಯಾರ ಒತ್ತಾಯವೂ ಇಲ್ಲದೆ ಬರೆದಿರುತ್ತಾನೆ.

7. ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ದೊಡ್ಡಮ್ಮ ಕಾರು ಹತ್ತಿದರು. ತಲೆಗೆ ಸ್ಕಾರ್ಫು, ಮಡಿಲಲ್ಲಿ ಕೈಚೀಲ, ಕಣ್ಣಿಗೆ ಕಪ್ಪು ಕನ್ನಡಕ. ಹೋಗುವಾಗ ಅಣ್ಣ, ಬರುವಾಗ ತಂಗಿ ಎಂದು ದೊಡ್ಡಮ್ಮನೇ ತೀರ್ಪು ಕೊಟ್ಟಿದ್ದರಿಂದ ಅರ್ಜಿದಾರನು ಸ್ಟಿಯರಿಂಗ್ ಹಿಡಿದಿದ್ದನು. ತಂಗಿ ಸ್ಕೂಟರಿನಲ್ಲಿ ಹಿಂಬಾಲಿಸುತ್ತಿದ್ದಳು.

ತಮ್ಮ ಕಚೇರಿಯ ಮುಂದಿನ ವೃತ್ತವನ್ನು ಆಗಷ್ಟೇ ನೀರು ಹೊಡೆದು ತೊಳೆದಿದ್ದರು. ವೇಗ ನಲವತ್ತು ಇದ್ದಿರಬಹುದು. ಅರ್ಜಿದಾರನು ಸ್ಟಿಯರಿಂಗ್ ತಿರುಗಿಸಿದನು, ಕಾರಿನ ಮೂಗು ವಿಧೇಯವಾಗಿ ತಿರುಗಿತು. ಬಾಲ ತಿರುಗಲಿಲ್ಲ. ಅದು ತನ್ನ ಪಾಡಿಗೆ ನೇರ ಹೊರಟಿತು. ಆಮೇಲೆ ಅರ್ಜಿದಾರನಿಗೆ ಕಂಡದ್ದು ಕ್ರಮವಾಗಿ: ಹೂವಿನ ಬೇಲಿ, ಬ್ಯಾಂಕಿನ ಮೆಟ್ಟಿಲು, ಸ್ಕೂಟರಿನ ಮೇಲೆ ಬಾಯಿ ತೆರೆದ ತಂಗಿ, ಮತ್ತೆ ಹೂವಿನ ಬೇಲಿ. ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಅವನು ದೊಡ್ಡಮ್ಮನ ಎದೆಗೆ ಅಡ್ಡ ಹಿಡಿದನು. ಹಾಗೆ ಹಿಡಿಯಬಾರದೆಂದು ತಂಗಿ ಆಮೇಲೆ ಹೇಳಿದಳು. ಆ ಕ್ಷಣದಲ್ಲಿ ಮೂಲ ಬಣ್ಣ, ಮೂಲ ಹಿಡಿ, ಮೂಲ ವಿನ್ಯಾಸ ಯಾವುದೂ ನೆನಪಾಗಲಿಲ್ಲ. ದೊಡ್ಡಮ್ಮನ ಎಲುಬು ಇಷ್ಟು ತೆಳ್ಳಗಾಗಿದೆಯಲ್ಲ ಎಂಬುದೊಂದೇ ಕೈಗೆ ಗೊತ್ತಾಯಿತು.

ಕಾರು ಒಂದೂವರೆ ಸುತ್ತು ತಿರುಗಿ, "ಹೊರಹೋಗುವ ದಾರಿ" ಎಂದು ಬರೆದಿದ್ದ ಗೇಟಿನೊಳಗೆ ಹಿಂದುಮುಂದಾಗಿ ನುಗ್ಗಿ, ಎರಡನೇ ತಪಾಸಣಾ ಕಟ್ಟೆಯ ಹಳದಿ ಗೆರೆಗಳ ನಡುವೆ, ಅಳತೆ ಹಿಡಿದು ನಿಲ್ಲಿಸಿದಂತೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಸಾಲಿನಲ್ಲಿದ್ದ ಲಾರಿಯವನೊಬ್ಬ ಕೂಗಿದನು: "ಏನ್ ಸ್ವಾಮಿ, ಬೆಳಗ್ಗೆಯಿಂದ ನಾವೆಲ್ಲ ಸಾಲಲ್ಲಿ ನಿಂತಿರೋದು ಕಾಣ್ಸಲ್ವಾ?"

ಗುಮಾಸ್ತರು ತಲೆ ಎತ್ತದೆ ಟೋಕನ್ ಹರಿದು ಕೊಟ್ಟರು. 47.

ದೊಡ್ಡಮ್ಮ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಅರ್ಜಿದಾರನ ಕಡೆ ತಿರುಗಿದರು. "ಇಷ್ಟೊಂದು ಮಜಾನಾ ಇಟ್ಕೊಂಡು ಆ ಮನುಷ್ಯ ಪಕ್ಕದಲ್ಲಿ ಸ್ಪ್ಯಾನರ್ ಕೂರಿಸ್ಕೊಂಡು ಓಡಾಡ್ತಿದ್ರಾ?"

8. ತಂಗಿ ಸ್ಕೂಟರನ್ನು ರಸ್ತೆಯಲ್ಲೇ ಕೆಡವಿ ಓಡಿ ಬಂದಳು. ಮೊದಲು ದೊಡ್ಡಮ್ಮನ ಕತ್ತು, ಮಣಿಕಟ್ಟು, ಕಣ್ಣು ನೋಡಿದಳು. ಆಮೇಲೆ ಅರ್ಜಿದಾರನ ಮುಖದ ಮುಂದೆ ಕೈ ಹಿಡಿದಳು.

"ಎಷ್ಟು ಬೆರಳು?"

ಹದಿನಾಲ್ಕು ತಿಂಗಳ ಮೇಲಿನ ಮೊದಲ ಮಾತು ಇದು. ಅರ್ಜಿದಾರನು ಅಳುಕುತ್ತಲೇ, "ಮೂರು. ಒಂದಕ್ಕೆ ಗ್ರೀಸ್ ಹತ್ತಿದೆ" ಎಂದನು.

"ತಲೆ ಸರಿ ಇದೆ. ಮೊದಲು ಎಷ್ಟಿತ್ತೋ ಅಷ್ಟು."

ಅಷ್ಟರಲ್ಲಿ ತಾವು ಟಾರ್ಚ್ ಹಿಡಿದು ಬಂದಿರಿ. ಕಾರಿನ ಸುತ್ತ ಒಂದು ಸುತ್ತು ಹಾಕಿದಿರಿ. ಕುಕ್ಕರಗಾಲಿನಲ್ಲಿ ಕೂತು ಮುಂದಿನ ಟೈರು ನೋಡಿದಿರಿ, ಹಿಂದಿನದು ನೋಡಿದಿರಿ, ಮತ್ತೆ ಮುಂದಿನದು ನೋಡಿದಿರಿ.

"ಮುಂದೆ ರೇಡಿಯಲ್, ಹಿಂದೆ ಕ್ರಾಸ್-ಪ್ಲೈ!" ಎಂದಿರಿ. "ಮಾಡಬಾರದ್ದು ಇದೊಂದೇ ಇರೋದು ನೋಡಿ. ಮುಂದಿನದು ನೆಲ ಹಿಡ್ಕೊಳ್ಳತ್ತೆ, ಹಿಂದಿನದು ಬಿಟ್ಬಿಡತ್ತೆ. ಆಗ ಬಾಲ ಬಂದು ತಲೆಯನ್ನ ಓವರ್‌ಟೇಕ್ ಮಾಡತ್ತೆ. ಬೆರೆಸಲೇಬಾರದು. ಇನ್ನು ಇಲ್ಲಿ ನೋಡಿ, ಈ ಹಿಂದಿನ ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇದೆಯಲ್ಲ? ಮೊದಲೆರಡು ವಾರ, ಕೊನೆಯೆರಡು ವರ್ಷ. ಹತ್ತೊಂಬತ್ತು ವರ್ಷ ಆಗಿದೆ ಇದು ತಯಾರಾಗಿ! ಗೀರಿಲ್ಲ ಅಂತ ಮೋಸ ಹೋಗ್ಬಾರ್ದು. ರಬ್ಬರ್ ಕೂತಲ್ಲೇ ಮುದಿಯಾಗತ್ತೆ."

ಇಪ್ಪತ್ತೊಂಬತ್ತು ವರ್ಷ ಚೀಟಿ ಬರೆದವನು ಟೈರಿನ ಮೇಲೆಯೇ ಇದ್ದ ಚೀಟಿಯನ್ನು ಓದಿರಲಿಲ್ಲ.

ತಾವು ಫಾರಮ್ಮು ತೆಗೆದು ಕೇಳಿದಿರಿ: "ಯಾವ ಪುಣ್ಯಾತ್ಮ ಆರಿಸಿದ್ದು ಈ ಟೈರ್‌ಗಳನ್ನ?"

"ನಾನೇ" ಎಂದನು ಅರ್ಜಿದಾರ. "ನಾನೇ" ಎಂದಳು ತಂಗಿ. ಎರಡೂ ಒಂದೇ ಉಸಿರಿಗೆ.

"ಒಬ್ರು ಹೇಳ್ರೀ. ಇಲ್ಲಿರೋದು ಒಂದೇ ಗೆರೆ."

"ನಂಗೆ ಗೊತ್ತಿತ್ತು ಸರ್," ಎಂದಳು ತಂಗಿ. ಅವಳ ದನಿ ಆಂಬುಲೆನ್ಸಿನವಳ ದನಿಯಾಗಿರಲಿಲ್ಲ. "ಅದಲುಬದಲು ಮಾಡ್ಬೇಕು ಅಂತ ಗೊತ್ತಿತ್ತು. ಬಾಯಿ ಬಿಟ್ಟು ಹೇಳ್ಲಿಲ್ಲ. ಚೀಟಿ ಅಂಟಿಸಿ ಹೋದೆ. ದಿನಾ ನಾಲ್ಕು ಜನರನ್ನ ರಸ್ತೆಯಿಂದ ಎತ್ಕೊಂಡು ಹೋಗೋಳು ನಾನು."

ಅರ್ಜಿದಾರನು ಜೇಬಿನಿಂದ ಅರವತ್ತೊಂದನೆಯ ಚೀಟಿ ತೆಗೆದು, "ಇದು ನನ್ನ ಹತ್ರಾನೇ ಇತ್ತು ಸರ್. ಓದಿದ್ದೆ" ಎಂದನು.

ತಾವು ಇಬ್ಬರನ್ನೂ ನೋಡಿ ಪೆನ್ನಿನ ತುದಿ ಕಚ್ಚಿಕೊಂಡು ನಿಂತಿರಿ. ಆಗ ಕಾರಿನೊಳಗಿನಿಂದ ದೊಡ್ಡಮ್ಮ, "ನನ್ನ ಹೆಸರು ಬರ್ಕೊಳ್ಳಪ್ಪಾ, ಮುಂದಿಂದು ಹಿಂದಿಂದು ಅಂತ ಭಾಗ ಮಾಡಿದ್ದು ನಾನು" ಎಂದರು. ತಾವು ಹಾಗೆಯೇ ಬರೆದುಕೊಂಡಿರಿ. ಆದ್ದರಿಂದ ಉಲ್ಲೇಖ (ಅ)ರ ನೋಟೀಸಿನಲ್ಲಿ ಆರೋಪಿಯ ಸ್ಥಾನದಲ್ಲಿ ಎಂಬತ್ಮೂರು ವರ್ಷದ, ವಾಹನ ಓಡಿಸಲು ಬಾರದ ದೊಡ್ಡಮ್ಮನವರು ಇರುತ್ತಾರೆ. ಅವರು ಅದಕ್ಕೆ ಚೌಕಟ್ಟು ಹಾಕಿಸಿದ್ದಾರೆ.

ಡಿಕ್ಕಿ ತೆಗೆಸಿ ನೋಡಿದಾಗ ಹೆಚ್ಚುವರಿ ಚಕ್ರ ಕಂಡಿತು. ಅರ್ಜಿದಾರನು ತನ್ನ ಕಡೆಯ ಆಸರೆ ಎಂಬಂತೆ, "ಇದು ಮಾತ್ರ ಮೂಲದ್ದು ಸರ್, ದೊಡ್ಡಪ್ಪ ಜೋಪಾನ ಮಾಡಿದ್ರು" ಎಂದನು.

"ಜೋಪಾನ?" ಎಂದರು ದೊಡ್ಡಮ್ಮ. "ಕಾರು ತಂದ ವಾರದಲ್ಲೇ ಆ ಟೈರ್ ಮೇಲೆ ಜಾರಿ ಕೆರೆ ಏರಿಯಿಂದ ಕೆಳಕ್ಕೆ ಹೋಗಿದ್ರು ಅವರು. ನಾಲ್ಕನ್ನೂ ಬಿಚ್ಚಿ ಬಿಸಾಕಿದ್ರು. ಇದೊಂದು ಡಿಕ್ಕಿಯಲ್ಲಿ ಇತ್ತು, ಮರೆತುಬಿಟ್ರು. ಈ ಟೈರ್ ಸರಿ ಇಲ್ಲ ಅಂತ್ಲೇ ಕಣೋ ಅವರ ಹುಚ್ಚು ಶುರುವಾಗಿದ್ದು!"

ಹದಿನಾಲ್ಕು ತಿಂಗಳು ಅರ್ಜಿದಾರನು ಯಾರ ಪರವಾಗಿ ಹೋರಾಡಿದನೋ ಅವರೇ ಎದುರು ಪಕ್ಷದಲ್ಲಿದ್ದರು. ತಂಗಿ ನಗಬಹುದಿತ್ತು. ನಗಲಿಲ್ಲ. ಅರ್ಜಿದಾರನ ಭುಜಕ್ಕೆ ತನ್ನ ಭುಜ ಒಂದು ಸಲ ತಾಗಿಸಿ, ಬಿದ್ದಿದ್ದ ಸ್ಕೂಟರು ಎತ್ತಲು ಹೋದಳು.

9. ಒಂದೇ ಬಗೆಯ, ಯೋಗ್ಯವಾದ ನಾಲ್ಕು ಟೈರು ಹಾಕಿಸಿ, ರಸ್ತೆ ಪರೀಕ್ಷೆ ಮಾಡಿಸಿಕೊಂಡು ಹೋಗುವ ತನಕ ಕಾರು ಅಂಗಳದಲ್ಲೇ ಇರತಕ್ಕದ್ದೆಂದು ತಾವು ಆದೇಶಿಸಿದಿರಿ. ಅದರಂತೆ ಅಣ್ಣ ತಂಗಿ ಒಟ್ಟಿಗೆ ಒಂದೇ ಅಂಗಡಿಗೆ ಹೋದರು.

ಆ ಟೈರಿನಂಗಡಿಯವರು ಕಣ್ಣು ಸಣ್ಣದು ಮಾಡಿ ನೋಡುವ ವಯಸ್ಸಾದ ಮನುಷ್ಯ. ಕಡ್ಡಿ ಚಕ್ರದ ಚಿತ್ರ ನೋಡಿ ಕೇಳಿದರು: "ಕಾರು ನೋಡೋಕಾ, ಓಡ್ಸೋಕಾ?"

"ನೋಡೋಕೆ" ಎಂದನು ಅರ್ಜಿದಾರ. "ಓಡ್ಸೋಕೆ" ಎಂದಳು ತಂಗಿ.

"ಇದು ಇವತ್ತಿಗೆ ಮುಗಿಯಲ್ಲ," ಎಂದು ಅವರು ಸ್ಟೂಲು ಎಳೆದುಕೊಂಡು ಕೂತರು. "ಪಕ್ಕದಲ್ಲಿ ಕೂರೋರು ಯಾರು?"

"ದೊಡ್ಡಮ್ಮ" ಎಂದರು ಇಬ್ಬರೂ.

"ಹಾಗೆ ಹೇಳಿ. ಅವರ ತೂಕ ಎಷ್ಟು?"

ಟೈರು ಹೊರುವ ಭಾರಕ್ಕೂ ಲೆಕ್ಕವಿದೆಯಂತೆ. ತಂಗಿ ಅಲ್ಲಿಂದಲೇ ಫೋನ್ ಮಾಡಿದಳು. ದೊಡ್ಡಮ್ಮ, "ಟೈರ್ ಅಂಗಡಿಯವನಿಗೆ ನನ್ನ ತೂಕ ಯಾಕೆ ಬೇಕಂತೆ? ಅವನದ್ದು ಎಷ್ಟಂತೆ ಮೊದಲು ಕೇಳು" ಎಂದು ಫೋನಿಟ್ಟರು. ಅಂಗಡಿಯವರು ಆ ಉತ್ತರದ ಮೇಲೆಯೇ ಅಂದಾಜು ಮಾಡಿ, "ಗಟ್ಟಿ ಹೆಂಗಸು. ಒಂದು ಮೆಟ್ಟಿಲು ಮೇಲಿನದ್ದೇ ಹಾಕೋಣ" ಎಂದರು.

ಅವರು ಒಳಗಿನಿಂದ ಉರುಳಿಸಿಕೊಂಡು ಬಂದ ಟೈರು ಎತ್ತರವಾಗಿಯೂ ಸಪೂರವಾಗಿಯೂ ಇತ್ತು. ಕಾರು ಹುಟ್ಟಿದಾಗಿನ ಅದೇ ಅಳತೆ. ಆದ್ದರಿಂದ ಮಡ್‌ಗಾರ್ಡಿಗೆ ಉಜ್ಜುವುದಿಲ್ಲ, ವೇಗದ ಮುಳ್ಳೂ ಸುಳ್ಳು ಹೇಳುವುದಿಲ್ಲ. ಮೇಲ್ಮೈಯಲ್ಲಿ ಹಳೆಯ ಕಾಲದ ಹಾವಿನ ಗೆರೆಗಳು. ಒಳಗೆ ಮಾತ್ರ ಇವತ್ತಿನ ರೇಡಿಯಲ್. ಕಡ್ಡಿ ಚಕ್ರದಲ್ಲಿ ಗಾಳಿ ನಿಲ್ಲದ ಕಾರಣ ಒಳಗೆ ಟ್ಯೂಬು ಕಡ್ಡಾಯ ಎಂದು ಅದನ್ನೂ ಕೊಟ್ಟರು.

ಅರ್ಜಿದಾರನು ನೆಲದ ಮೇಲೆ ಕೂತು ನಾಲ್ಕು ಟೈರುಗಳ ನಾಲ್ಕು ನಾಲ್ಕು ಅಂಕಿಗಳನ್ನು ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಇಳಿಸಿಕೊಂಡನು. ನಾಲ್ಕೂ ಒಂದೇ ವಾರದವು. ತಂಗಿ ಪಕ್ಕದಲ್ಲಿ ಕೂತು ಉಗುರು ಒತ್ತಿ ನೋಡಿದಳು. ಉಗುರು ಇಳಿಯಿತು.

"ನಾಡಿ ಇದೆಯಾ?" ಎಂದು ಕೇಳಿದನು ಅರ್ಜಿದಾರ.

"ಇದೆ. ನೋಡೋಕೂ ಪರವಾಗಿಲ್ಲ," ಎಂದಳು ತಂಗಿ.

ಅಂಗಡಿಯಲ್ಲಿ ಒಟ್ಟು ಹಿಡಿದ ಸಮಯ ಇಪ್ಪತ್ತೈದು ನಿಮಿಷ. ಫೋನು ಸೇರಿ.

10. ಕಾರು ತಮ್ಮ ಸುಪರ್ದಿಯಲ್ಲಿದ್ದ ಒಂಬತ್ತು ದಿನಗಳಲ್ಲಿ ಯಾವ ಹಾನಿಯೂ ಆಗಿರುವುದಿಲ್ಲ. ಚಾಲಕನ ಸೀಟು ಮಾತ್ರ ನಾಲ್ಕು ಬೆರಳು ಹಿಂದಕ್ಕೆ ಸರಿದಿರುತ್ತದೆ. ಅರ್ಜಿದಾರನಿಗಿಂತ ಎತ್ತರದವರು ಯಾರೋ ಊಟದ ಬಿಡುವಿನಲ್ಲಿ ಕೂತಿರುವ ಸಾಧ್ಯತೆ ಇದೆ. ಈ ಅಂಗಳದಲ್ಲಿ ಅರ್ಜಿದಾರನಿಗಿಂತ ಎತ್ತರದವರು ಒಬ್ಬರೇ. ಈ ಬಗ್ಗೆ ಅರ್ಜಿದಾರನ ಆಕ್ಷೇಪಣೆ ಏನೂ ಇರುವುದಿಲ್ಲ. ಅಂಥ ಕಾರು ಅದು.

11. ಇಂದು ಬೆಳಗ್ಗೆ ನಾಲ್ಕೂ ಟೈರು ಹಾಕಿಸಲಾಯಿತು. ತಾವು ನೋಡಿ, ಒದ್ದು ನೋಡಿ, "ಈಗ ಸರಿಯಾಗಿದೆ" ಎಂದಿರಿ. ಈ ಎರಡು ಪದಗಳನ್ನು ಕೇಳಿದ ಕೂಡಲೇ ದೊಡ್ಡಮ್ಮ ಬಾಗಿಲು ತೆಗೆದು ಒಳಗೆ ಕೂತು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡರು.

ರಸ್ತೆ ಪರೀಕ್ಷೆಯ ಕಾಲದಲ್ಲಿ ತಪಾಸಣಾಧಿಕಾರಿಗಳು ಚಾಲಕನ ಪಕ್ಕದ ಸೀಟಿನಲ್ಲಿ ಆಸೀನರಾಗಿರತಕ್ಕದ್ದೆಂಬ ನಿಯಮವನ್ನು ತಾವು ವಿವರಿಸಿದಿರಿ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು.

"ಅಮ್ಮಾ, ಹದಿನೈದೇ ನಿಮಿಷ. ನಾನು ಇಳಿದ ಮೇಲೆ ನೀವು ಹತ್ತಿ," ಎಂದಿರಿ.

"ಅವರೂ ಹಾಗೇ ಅಂತಿದ್ರು," ಎಂದರು ದೊಡ್ಡಮ್ಮ.

ತಂಗಿ ಹೇಳಿ ನೋಡಿದಳು. ಅರ್ಜಿದಾರನು ಹೇಳಿ ನೋಡಿದನು. ಗುಮಾಸ್ತರು ತಮ್ಮ ಕುರ್ಚಿಯನ್ನೇ ತಂದು ನೆರಳಲ್ಲಿ ಹಾಕಿದರು. ದೊಡ್ಡಮ್ಮ ಕುರ್ಚಿಯನ್ನು ನೋಡಲೂ ಇಲ್ಲ. ಈಗ ಹನ್ನೆರಡು ಗಂಟೆಯಾಗಿದೆ. ಸಾಲಿನಲ್ಲಿ ಲಾರಿಗಳು ಗೇಟಿನಾಚೆಗೂ ಬೆಳೆದಿವೆ. ಸ್ಟಿಯರಿಂಗ್ ಹಿಂದೆ ತಂಗಿ ಕೂತಿದ್ದಾಳೆ. ಅವಳು "ನೀನು ಓಡ್ಸು ಅಣ್ಣಾ" ಎಂದಳು. ಅರ್ಜಿದಾರನು "ತಿರುವಲ್ಲಿ ನಿನ್ನ ಕೈ ಚೆನ್ನಾಗಿದೆ, ನೀನೇ ಓಡ್ಸು" ಎಂದನು. ಈ ವಾಕ್ಯವನ್ನು ಐವತ್ನಾಲ್ಕು ವರ್ಷದಲ್ಲಿ ಅವನು ಹೇಳಿದ್ದು ಇದೇ ಮೊದಲು. ತಂಗಿ ಕನ್ನಡಿಯನ್ನು ಬಹಳ ಹೊತ್ತು ಸರಿಮಾಡಿದಳು.

ಆದ್ದರಿಂದ,

ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಕಾರಿನಲ್ಲಿ ಎರಡೇ ಸೀಟು ಇರುವ ಕಾರಣ, ಒಂದರಲ್ಲಿ ಚಾಲಕಿ ಇರಲೇಬೇಕಾದ ಕಾರಣ, ಇನ್ನೊಂದರಿಂದ ದೊಡ್ಡಮ್ಮನವರು ಏಳದ ಕಾರಣ, ಹಾಗೂ ಪಕ್ಕದ ಸೀಟಿನಲ್ಲಿ ತಪಾಸಣಾಧಿಕಾರಿಗಳು ಇರಲೇಬೇಕೆಂದು ನಿಯಮವಿರುವ ಕಾರಣ, ಸದರಿ ದೊಡ್ಡಮ್ಮನವರನ್ನೇ ಹದಿನೈದು ನಿಮಿಷಗಳ ಮಟ್ಟಿಗೆ ತಾತ್ಕಾಲಿಕ ತಪಾಸಣಾಧಿಕಾರಿಯನ್ನಾಗಿ ನೇಮಿಸಿ ಆದೇಶ ಹೊರಡಿಸಬೇಕಾಗಿ ಅರ್ಜಿದಾರನು ವಿನಂತಿಸಿಕೊಳ್ಳುತ್ತಾನೆ.

ಅವರ ಅರ್ಹತೆಗಳು: ಟೈರು ಆರಿಸುವುದನ್ನು ಮೂವತ್ತೆಂಟು ವರ್ಷ ಹತ್ತಿರದಿಂದ ಕಂಡ ಅನುಭವ. ಕನ್ನಡಕ ಹಾಕಿದರೆ ಫಾರಮ್ಮು ಓದಬಲ್ಲರು. ಯಾರ ಶಿಫಾರಸಿಗೂ ಬಗ್ಗುವವರಲ್ಲ ಎಂಬುದನ್ನು ತಾವೇ ಇಂದು ಬೆಳಗ್ಗೆಯಿಂದ ಖುದ್ದಾಗಿ ಪರೀಕ್ಷಿಸಿರುತ್ತೀರಿ.

ನೇಮಕದ ಅವಧಿಯಲ್ಲಿ ತಾವು ಅರ್ಜಿದಾರನ ಜೊತೆ ಬೆಂಚಿನ ಮೇಲೆ ಕೂರಬಹುದು. ಗಿಡ್ಡ ಕಾಲಿನ ಕಡೆ ಅರ್ಜಿದಾರನು ಕೂರುತ್ತಾನೆ.

ಬೆಂಚಿನಿಂದಲೇ ತಮ್ಮ ವಿಶ್ವಾಸಿ,
ಅರ್ಜಿದಾರ

ಲಗತ್ತುಗಳು:
1. ನೋಟೀಸಿನ ನಕಲು. (ಮೂಲ ಪ್ರತಿ ದೊಡ್ಡಮ್ಮನವರ ಮನೆಯ ಗೋಡೆಯ ಮೇಲಿದೆ.)
2. ನಾಲ್ಕು ಟೈರುಗಳ ವಾರ ಹಾಗೂ ವರ್ಷದ ಅಂಕಿಗಳು, ಪೆನ್ಸಿಲ್ ಉಜ್ಜಿ ಇಳಿಸಿದ್ದು, ನಾಲ್ಕು ಹಾಳೆ.
3. ಗ್ಯಾರೇಜಿನ ಬಾಗಿಲಿನ ಚೀಟಿಗಳು, ಅರವತ್ತೊಂದು. ಕೊನೆಯದು ಮಡಿಚಿ ಸುಕ್ಕಾಗಿದೆ. ಕ್ಷಮಿಸಬೇಕು.
4. ಟೋಕನ್ 47.
5. ದೊಡ್ಡಮ್ಮನವರ ತೂಕದ ಪ್ರಮಾಣಪತ್ರ: ಲಗತ್ತಿಸಿರುವುದಿಲ್ಲ.

ವಿಶೇಷ ಸೂಚನೆ: ಆದೇಶವನ್ನು ಊಟದ ಬಿಡುವಿಗೆ ಮುಂಚೆಯೇ ದಯಪಾಲಿಸಬೇಕಾಗಿ ಪ್ರಾರ್ಥನೆ. ಸದರಿ ಕಾರಿಗೆ ಹಾರ್ನ್ ಇರುತ್ತದೆ. ಅದು ಎಲ್ಲಿದೆ ಎಂಬುದು ದೊಡ್ಡಮ್ಮನವರಿಗೆ ಈಗಷ್ಟೇ ತಿಳಿದುಬಂದಿದೆ.